ಲಸಿಕೆ ಸಾಲಿಗೆ ಬಂದ ಕಂಡಕ್ಟರ್

“ಸರೀರಿ, ಸರೀರಿ! ಮುಂದ ಇನ್ನೂ ಹತ್ತು ಮಂದಿಗೆ ಜಾಗ ಅದ!”

ಕೂಗಿದ್ದು ನಾನೇ. ಆದರೆ ನಿಂತಿದ್ದು ಬಸ್ಸಿನಲ್ಲಲ್ಲ, ಮಾನ್ವಿ ಕಡೆಯ ಒಂದು ಶಾಲೆಯ ಅಂಗಳದಲ್ಲಿ, ಕೊರೊನಾ ಲಸಿಕೆಯ ಸಾಲಿನ ಪಕ್ಕ. ಲಾಕ್‌ಡೌನಿನಲ್ಲಿ ಬಸ್ಸುಗಳು ನಿಂತಿದ್ದರಿಂದ ಕಂಡಕ್ಟರಾದ ನನ್ನನ್ನು ಅಲ್ಲಿಗೆ ಹಾಕಿದ್ದರು. ಸುಣ್ಣದಲ್ಲಿ ಬರೆದ ಒಂದೊಂದು ಸುತ್ತಿನೊಳಗೆ ಒಬ್ಬೊಬ್ಬರನ್ನೇ ದೂರ ದೂರ ನಿಲ್ಲಿಸುವುದಷ್ಟೇ ನನ್ನ ಕೆಲಸ. ಹದಿನೆಂಟು ವರ್ಷ ಬಸ್ಸಿನಲ್ಲಿ ಪಳಗಿದ ನಾಲಿಗೆ ಕೇಳಬೇಕಲ್ಲ! ಸಾಲು ಗೇಟು ದಾಟಿದ್ದು ಕಂಡದ್ದೇ ತಡ, ಹಳೆಯ ಮಾತೇ ಹೊರಬಿತ್ತು. ಜನರೂ ನನ್ನ ದನಿಗೆ ಪಳಗಿದವರೇ. ಸುತ್ತು ಬಿಟ್ಟು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡರು. ಒಳಗಿನಿಂದ ನರ್ಸಮ್ಮ ಓಡಿಬಂದು, ಸಾಲು ಸರಿಯಾಗುವ ತನಕ ಸೂಜಿ ಮುಟ್ಟುವುದಿಲ್ಲ ಎಂದರು.

ಗಾಬರಿಯಾಗಿ “ದೂರ ನಿಂದರ್ರಿ, ಹಿಂದ ಸರೀರಿ!” ಎಂದು ಕೂಗಿದೆ. ಯಾರೂ ಕದಲಲಿಲ್ಲ. ವಾರವಾರ ಕುರ್ಡಿಯಲ್ಲಿ ನನ್ನ ಬಸ್ಸು ಹತ್ತುತ್ತಿದ್ದ ಮುದುಕಿಯೊಬ್ಬಳು ಕೋಲೂರಿ ಮುಂದೆ ಬಂದಳು.

“ಯಪ್ಪಾ, ಬಸ್ಸಿನಾಗ ಕಾಲಿಡಾಕ ಜಾಗ ಇಲ್ಲದಾಗ ಜಾಗ ಅದ ಅಂತಿದ್ದಿ. ಇವತ್ತ ಇಷ್ಟು ದೊಡ್ಡ ಬಯಲಾಗ ಹಿಂದ ಸರೀರಿ ಅಂತಿ. ನಿನ್ನ ಯಾವ ಮಾತು ನಂಬಬೇಕು?”

ಸಾಲಿಗೆ ಸಾಲೇ ನಕ್ಕಿತು, ನರ್ಸಮ್ಮನೂ ನಕ್ಕರು. ಕೊನೆಗೆ ಕೋಲಿನಿಂದ ಅಳೆದು ಅಳೆದು ಎಲ್ಲರನ್ನೂ ಸುತ್ತಿನೊಳಗೆ ನಿಲ್ಲಿಸಿದವಳು ಅವಳೇ. ನಾನೂ ಅವಳು ತೋರಿಸಿದ ಜಾಗದಲ್ಲೇ ನಿಂತೆ.

ಈಗ ಬಸ್ಸುಗಳು ಮತ್ತೆ ಕಿಕ್ಕಿರಿದು ಓಡುತ್ತವೆ. “ಜಾಗ ಅದ” ಎನ್ನುವುದನ್ನು ನಾನೂ ಬಿಟ್ಟಿಲ್ಲ. ಕುರ್ಡಿ ಬಂದಾಗ ಮಾತ್ರ, ಆ ಕೋಲು ಹತ್ತಿತೇ ಎಂದು ನೋಡಿಕೊಂಡು ಬಾಯಿ ತೆರೆಯುತ್ತೇನೆ.