ಚುಕ್ಕಿ ಕಳ್ಳಿ

ನಮ್ಮ ಕಡೆ ಕಳ್ಳಿ ಅಂದರೆ ಬೇಲಿ. ದನ ನುಗ್ಗದ ಹಾಗೆ ಬದುವಿನ ಮೇಲೆ ನೆಟ್ಟು ಮರೆತುಬಿಡುವ ಗಿಡ. ಅದನ್ನು ಕುಂಡದಲ್ಲಿ ಹಾಕಿ, ನಾಲ್ಕು ಹನಿ ಬಿದ್ದರೆ ಓಡಿಹೋಗಿ ಒಳಗೆ ಎತ್ತಿಡುವ ಸೊಸೆಯನ್ನು ನಮ್ಮ ಅತ್ತೆ ತುರುವೇಕೆರೆ ಸೀಮೆಯಲ್ಲೇ ಕಂಡಿರಲಿಲ್ಲವಂತೆ. ಈಗ ಕಂಡರಲ್ಲ, ಆಯಿತು ಬಿಡಿ ಅಂತ ನಾನೂ ಸುಮ್ಮನಿದ್ದೆ.

ಅದು ಎಲ್ಲೋ ದೂರದ ಮರುಭೂಮಿಯ ಕಳ್ಳಿ, ಸುಲಭಕ್ಕೆ ಸಿಗುವುದಲ್ಲ. ಬೀಜ ತರಿಸಿ ಮೊಳಕೆ ಬರಿಸಿದ್ದೆ, ಒಂದೇ ಉಳಿಯಿತು. ಮುಳ್ಳೇ ಇಲ್ಲ. ಚಪ್ಪಟೆ ಉಂಡೆ, ಕುಂಬಳಕಾಯಿಗಿರುವ ಹಾಗೆ ಹೋಳಿನ ಗೆರೆಗಳು, ಮೈತುಂಬ ಸಣ್ಣ ಬಿಳಿ ಚುಕ್ಕಿ. ಅಂದವೆಲ್ಲ ಆ ಚುಕ್ಕಿಗಳದ್ದೇ. ಅಂಗಿ ಗುಂಡಿಯಷ್ಟಿದ್ದದ್ದು ನಿಂಬೆಹಣ್ಣಿನ ಗಾತ್ರಕ್ಕೆ ಬರಲು ವರ್ಷಗಳೇ ಹಿಡಿದವು. ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಗೊಬ್ಬರ. ಅದು ಪೂರ್ತಿ ಒಣಗದೆ ನೀರು ಹಾಕುವಂತಿಲ್ಲ. ತೋಟಕ್ಕೆ ನೀರು ಬಿಡುವುದೇ ಬದುಕಾದ ಮನೆಯವರಿಗೆ ಇದೊಂದು ಸಂಕಟ. "ಪಾಪ, ಅದರ ಬಾಯಿ ಒಣಗಿಸ್ತೀಯಲ್ಲೇ" ಅನ್ನುತ್ತಿದ್ದರು ಅತ್ತೆ.

ಆ ವರ್ಷ ತೆಂಗಿಗೆ ಬಿಳಿ ನೊಣ ಬಂತು. ಗರಿಯ ಅಡಿಯೆಲ್ಲ ಬಿಳಿ ಚುಕ್ಕಿ, ಮೇಲೆಲ್ಲ ಮಸಿ ಬಳಿದಂತೆ ಕಪ್ಪು. ನನ್ನ ಗಂಡ ಬೇವಿನೆಣ್ಣೆಗೆ ಸೋಪಿನ ಪುಡಿ ಕಲಸಿ ಹೊಡೆದದ್ದೇ ಹೊಡೆದದ್ದು. ಊಟಕ್ಕೆ ಕೂತರೂ ಅದೇ ಮಾತು. ಆ ದಿನಗಳಲ್ಲೇ ನಾನು ಹುಳಿಯಾರಿನ ತವರಿಗೆ ಹೋಗಿಬಂದೆ.

ಬಂದು ನೋಡಿದರೆ ಕುಂಡದಲ್ಲಿ ಬರೀ ಹಸಿರು ಉಂಡೆ ಕೂತಿದೆ.

"ಬಿಳಿ ನೊಣ ಇದಕ್ಕೂ ಹತ್ಕಂಡಿತ್ತು ಕಣಮ್ಮ," ಅಂದರು ಅತ್ತೆ. "ಕಿತ್ತು ತಿಪ್ಪೆಗೆ ಬಿಸಾಕು, ತೋಟಕ್ಕೆಲ್ಲ ಹರಡುತ್ತೆ ಅಂದ ನಿನ್ ಗಂಡ. ಆಸೆಪಟ್ಟು ಸಾಕವ್ಳೆ ಬುಡ್ಲಾ ಅಂದು, ನಾನೇ ಸೋಪಿನ ನೀರಿಗೆ ಬಟ್ಟೆ ಅದ್ದಿ ಅದ್ದಿ ಉಜ್ಜಿದೆ. ಒಂದ್ ಚುಕ್ಕೀನೂ ಉಳಿಸಿಲ್ಲ ನೋಡು."

ಅವರ ಮುಖದಲ್ಲಿ ಗೆದ್ದ ಸಂತೋಷ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಉಜ್ಜಿಹೋದ ಜಾಗದಲ್ಲಿ ಚುಕ್ಕಿ ಮತ್ತೆ ಬರುವುದಿಲ್ಲ. ಅದನ್ನು ಹೇಳಿದರೆ ಆ ಮುಖ ಏನಾಗುತ್ತದೋ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಿಟ್ಟೆಲ್ಲ ಪಾತ್ರೆಗಳ ಮೇಲೆ ಹೋಯಿತು. ತಿಪ್ಪೆಗೆ ಹಾಕು ಅಂದ ಗಂಡನಿಗೆ ಕೆಲವು ದಿನ ಉಪ್ಪು ಖಾರ ನೋಡದೆ ಸಾರು ಬಡಿಸಿದೆ.

ಬೇಸಿಗೆಯಲ್ಲಿ ಗಿಡದ ನೆತ್ತಿ ಹೊಸದಾಗಿ ಬೆಳೆಯಿತು. ಆ ಹೊಸ ಮೈಯಲ್ಲಿ ಚುಕ್ಕಿಗಳಿದ್ದವು. ಖುಷಿಯಲ್ಲಿ ನೋಡುತ್ತ ನಿಂತಿದ್ದೆ. ಹಿಂದಿನಿಂದ ಅತ್ತೆಯ ದನಿ ಬಂತು.

"ಅಯ್ಯೋ, ಮತ್ತೆ ಬಂತಲ್ಲೇ!"

ಬಟ್ಟೆ ತರಲು ಹೊರಟೇಬಿಟ್ಟಿದ್ದರು. ಕೈ ಹಿಡಿದುಕೊಂಡೆ. "ಅತ್ತೆ, ಅದು ರೋಗ ಅಲ್ಲ. ಅದು ಇರೋದೇ ಹಂಗೆ. ಆ ಚುಕ್ಕೀನೇ ಅದರ ಅಂದ."

ಅವರು ಬಗ್ಗಿ ತುಂಬ ಹೊತ್ತು ನೋಡಿದರು.

"ಹಂಗಾರೆ ಅವತ್ತು ನಾನು ಉಜ್ಜಿದ್ದು?"

"ಹೂಂ."

"ಅವತ್ತೇ ಯಾಕೆ ಹೇಳ್ನಿಲ್ಲ?"

"ಹೇಳಿದ್ರೆ ನೀವು ನೊಂದ್ಕತಿದ್ರಿ."

ಅತ್ತೆ ಒಳಗೆ ಹೋದರು. ಅವತ್ತು ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ಹೇಳಬಾರದಿತ್ತು ಅನ್ನಿಸಿತು. ಹೇಳದಿದ್ದರೆ ಗಿಡ ಮತ್ತೆ ಬೋಳಾಗುತ್ತಿತ್ತು.

ಈಗ ಅದು ಅಂಗೈ ತುಂಬುವಷ್ಟಾಗಿದೆ. ಬೇಸಿಗೆಯಲ್ಲಿ ಹಳದಿ ಹೂ ಬಿಡುತ್ತದೆ. ನೆತ್ತಿಯ ಕಡೆ ಒತ್ತಾಗಿ ಚುಕ್ಕಿ, ಕೆಳಗೆ ಸುತ್ತಲೂ ಬೋಳು ಪಟ್ಟಿ. ಮನೆಗೆ ಬಂದವರು ಅದೇನು ಅಂತ ಕೇಳುತ್ತಾರೆ. ನಾನು ಏನೋ ಹೇಳಿ ಮಾತು ತೇಲಿಸಲು ನೋಡುತ್ತೇನೆ, ಅತ್ತೆ ಬಿಡುವುದಿಲ್ಲ. ಬೆರಳು ತಾಗಿಸದೆ ದೂರದಿಂದಲೇ ತೋರಿಸುತ್ತಾರೆ.

"ಇಲ್ಲಿಂದ ಇಲ್ಲಿಗಂಟ ನಾನು ಕೆಡಿಸಿದ್ದು ಕಣ್ರೀ."

ತಿಪ್ಪೆಗೆ ಹೋಗುವುದನ್ನು ಉಳಿಸಿದ್ದೂ ಇವರೇ ಅಂತ ನಾನು ಪ್ರತಿ ಸಲವೂ ಹೇಳುತ್ತೇನೆ. ಆ ಮಾತು ಮಾತ್ರ ಅವರ ಕಿವಿಗೆ ಬೀಳುವುದೇ ಇಲ್ಲ.