ಅಜ್ಜಿ ಹಿಡಿದುಕೊಟ್ಟ ತಗ್ಗು

ಜಡಿಗೇನಹಳ್ಳಿಯ ಕಡೆ ಮೋಟಾರಿನ ಸದ್ದು ಕೇಳಿದರೆ ನಾವು ಮಕ್ಕಳು ಕುಂಟೆಬಿಲ್ಲೆ ಬಿಟ್ಟು ರಸ್ತೆಗೆ ಓಡುತ್ತಿದ್ದ ಕಾಲವದು. ಯುದ್ಧ ಮುಗಿದಿತ್ತು, ಪೆಟ್ರೋಲು ಮಾತ್ರ ಇನ್ನೂ ರೇಷನ್ನಿನಲ್ಲೇ ಸಿಗುತ್ತಿತ್ತು. ಅಂಥದ್ದರಲ್ಲಿ ಅಪ್ಪ, ಬೆಂಗಳೂರು ದಂಡಿನಿಂದ ತನ್ನ ದೇಶಕ್ಕೆ ಹೊರಟಿದ್ದ ದೊರೆಯೊಬ್ಬನ ಹಳೆಯ ಕಾರನ್ನು ಕೊಂಡು ತಂದಿದ್ದರು. ಕಣದ ಪಕ್ಕದ ಚಪ್ಪರದಲ್ಲಿ ಅದು ಹಸುಗಳ ಜೊತೆಗೇ ನಿಲ್ಲುತ್ತಿತ್ತು.

ಅಪ್ಪನ ತಾಯಿಗೆ, ಅಂದರೆ ನಮ್ಮಜ್ಜಿಗೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಹುಟ್ಟುವ ಮೊದಲೇ ನೋಟ ಹೋಗಿತ್ತಂತೆ. ನನ್ನ ತಲೆಯ ಹರಳೆಣ್ಣೆ ವಾಸನೆಯಿಂದಲೇ ನನ್ನನ್ನು ಗುರುತಿಸುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಪೊರೆ ತೆಗೆಯಲು ಬೆಂಗಳೂರಿನ ಡಾಕ್ಟರು ದಿನ ಕೊಟ್ಟಿದ್ದರು. ಅಜ್ಜಿಗೆ ಕತ್ತರಿಯೆಂದರೆ ಭಯ. ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸಿನ ಹೊಗೆ ಬೇಡ, ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಅಪ್ಪ ಹೇಗೋ ಒಪ್ಪಿಸಿದ್ದರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಕಾರನ್ನು ಕೆರೆ ಏರಿಯವರೆಗೆ ಓಡಿಸಿ ನೋಡಲು ಹೋದ ಅಪ್ಪ, ಅದಕ್ಕೆ ಎತ್ತು ಕಟ್ಟಿಸಿ ಎಳೆಸಿಕೊಂಡು ಬಂದರು. ನೀರೆಲ್ಲ ಸೋರಿ ಎಂಜಿನ್ನು ಕಾದು ಹಬೆಯಾಡುತ್ತಿತ್ತು.

"ಅದೇ ಬ್ಯಾಡ ಅಂತೈತೆ. ಬಿಟ್ಬಿಡು ಮಗ," ಎಂದಳು ಜಗಲಿಯ ಮೇಲಿದ್ದ ಅಜ್ಜಿ. ದನಿಯಲ್ಲಿ ಸಮಾಧಾನವಿತ್ತು.

ಅಪ್ಪ ಬಿಡಲಿಲ್ಲ. ಎಂಜಿನ್ನಿನ ನೆತ್ತಿಯಲ್ಲಿ, ನೀರಿನ ಕೊಳವೆ ಬಂದು ಕೂಡುವಲ್ಲಿ, ಕಬ್ಬಿಣದ ಒಂದು ಗೂಡು. ಅದರೊಳಗೆ ಥರ್ಮೋಸ್ಟಾಟ್ ಎಂಬ ಬಿಲ್ಲೆ. ನೀರು ಕಾದರೆ ಅದು ಬಾಯಿ ಬಿಡಬೇಕು. ಗೂಡು ಬಿಚ್ಚಿ ಬಿಲ್ಲೆಯನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಬಚ್ಚಲ ಒಲೆಯ ಮೇಲೆ ನೀರಿಟ್ಟು ಅದರಲ್ಲಿ ಇಳಿಬಿಟ್ಟಳು. ಕುದಿ ಬರುವಷ್ಟರಲ್ಲಿ ಅದು ಮೀನಿನ ಬಾಯಿಯಂತೆ ಮೆಲ್ಲಗೆ ತೆರೆಯಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪನಿಗೆ ಚಿಂತೆ ಹೆಚ್ಚಿತು. ಬಿಲ್ಲೆ ಸರಿಯಿದ್ದರೆ ನೀರು ಸೋರಿದ್ದು ಎಲ್ಲಿಂದ? ಗೂಡನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು; ಏನೂ ಕಾಣಲಿಲ್ಲ.

ಅಜ್ಜಿ ಸುಮ್ಮನೆ ಕೈ ಚಾಚಿ ಅದನ್ನು ಇಸಿದುಕೊಂಡಳು. ಎಂಜಿನ್ನಿಗೆ ಕೂರುವ ಅಂಚಿನ ಸುತ್ತ ಬೆರಳಾಡಿಸುತ್ತ ಬಂದು ಒಂದು ಕಡೆ ಬೆರಳು ನಿಲ್ಲಿಸಿದಳು. ಅಲ್ಲೇ ಮತ್ತೆ ಮತ್ತೆ ಸವರಿದಳು.

"ಇಲ್ಲಿ ತಗ್ಗೈತೆ ಕಣಪ್ಪ," ಎಂದಳು ಕೊನೆಗೆ. ನೀರು ಸೋರಿದ್ದು ಅಲ್ಲಿಂದಲೇ.

ಅವ್ವ ಹತ್ತಿರ ಕೂತು, "ಹಂಗಾದ್ರೆ ಬಟ್ಟೆ ಗಂಟು ಕಟ್ಲಾ ಅತ್ತೆಮ್ಮ?" ಎಂದು ಕೇಳಿದಳು.

"ಹೆದ್ರಿಕೆ ಐತೆ ಕಣವ್ವ. ಆದ್ರೂ ಈ ಕೂಸಿನ ಮಕ ನೋಡ್ದೆ ಹೆಂಗೆ ಸಾಯ್ಲಿ."

ಅಪ್ಪ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ನುಣ್ಣನೆ ಮರಳು, ನೀರು ಹಾಕಿ, ತಗ್ಗು ಹೋಗಿ ಸಮವಾಗಲೆಂದು ಆ ಅಂಚನ್ನು ತಿಕ್ಕತೊಡಗಿದರು. ತೋಳು ಸೋತಾಗ ಅವ್ವ ತಿಕ್ಕಿದಳು. ಆಗಾಗ ಅಜ್ಜಿಯ ಬೆರಳಿಗೆ ಕೊಟ್ಟು ಕೇಳುವುದು, ಮತ್ತೆ ತಿಕ್ಕುವುದು. ಆಮೇಲೆ ಅವ್ವ ಅಂಚಿಗೆ ಅರಿಶಿನ ಬಳಿದು ರಟ್ಟಿನ ಮೇಲೆ ಒತ್ತಿ, ಬಿದ್ದ ಗುರುತಿನಂತೆಯೇ ಕತ್ತರಿಸಿದಳು. ಆ ರಟ್ಟಿಗೆ ಎಣ್ಣೆ ಸವರಿ ಗೂಡಿಗೂ ಎಂಜಿನ್ನಿಗೂ ನಡುವೆ ಇಟ್ಟು ಅಪ್ಪ ಬಿಗಿದರು. ಹಿತ್ತಿಲೆಲ್ಲ ಪೆಟ್ರೋಲು, ಅರಿಶಿನ, ಸಗಣಿಯ ವಾಸನೆ. ಎಂಜಿನ್ನು ಓಡಿತು, ಒಂದು ಹನಿಯೂ ತೊಟ್ಟಿಕ್ಕಲಿಲ್ಲ.

ಅಜ್ಜಿ ದಪ್ಪ ಕನ್ನಡಕ ಹಾಕಿಕೊಂಡು ಊರಿಗೆ ಮರಳಿದ ದಿನ ನನ್ನನ್ನು ಮುಂದೆ ನಿಲ್ಲಿಸಿಕೊಂಡು ನೋಡಿದಳು, ನೋಡುತ್ತಲೇ ಇದ್ದಳು. "ನನ್ನಂಗೇ ಕರ್ರಗವ್ಳೆ," ಎಂದು ನಕ್ಕಳು, ಅತ್ತಳು.

ಈಗ ನನ್ನ ಮೊಮ್ಮಗನ ಕಾರು ಕೆಟ್ಟರೆ ಯಾರೋ ಬಂದು ಒಯ್ಯುತ್ತಾರೆ, ತೊಳೆದು ತಂದು ನಿಲ್ಲಿಸುತ್ತಾರೆ. ಒಳಗೇನಾಗಿತ್ತೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೆ ನನ್ನ ದೂರೇನಿಲ್ಲ. ಆದರೆ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರು ಆಮೇಲೆ ಯಾರೂ ಸಿಗಲಿಲ್ಲ.