ಈಶಾನ್ಯದ ಗುಂಡಿ

2018ರ ಬೇಸಿಗೆ. ದೊಡ್ಡಬಳ್ಳಾಪುರದಲ್ಲಿ ಪಾಲಿಹೌಸ್ ಕಟ್ಟಿಕೊಡುವ ಕಸುಬಿಗೆ ಇಳಿದು ನನಗಾಗ ಹತ್ತೊಂಬತ್ತು ವರ್ಷವಾಗಿತ್ತು. ಪಾಲಿಹೌಸ್ ಎಂದರೆ ಕಬ್ಬಿಣದ ಪೈಪುಗಳ ಚೌಕಟ್ಟಿಗೆ ಪ್ಲಾಸ್ಟಿಕ್ ಶೀಟು ಹೊದಿಸಿದ ಹಸಿರುಮನೆ. ಎಕರೆಗಟ್ಟಲೆ ಗುಲಾಬಿ ಬೆಳೆಯುವವರಿಗೂ ಕಟ್ಟಿದ್ದೇನೆ, ಹಿತ್ತಲಲ್ಲಿ ಹತ್ತು ಕುಂಡ ಇಟ್ಟುಕೊಂಡವರಿಗೂ ಕಟ್ಟಿದ್ದೇನೆ. ಕೆಲಸದಲ್ಲಿ ಯಾರಾದರೂ ಅಡ್ಡ ಬಾಯಿ ಹಾಕಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಥವನು ಒಂದೇ ಒಂದು ಸಲ, ಪಟ್ಟು ಹಿಡಿಯಲೇಬೇಕಾದ ಕಡೆ ಒಪ್ಪಿಕೊಂಡುಬಿಟ್ಟೆ.

ಗಂಗಪ್ಪನವರು ಮೂವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ದುಡಿದು, ಸಾಸಲಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದವರು. ಅವರ ಹೆಂಡತಿ ಜಯಮ್ಮನಿಗೆ ಗಿಡದ ಹುಚ್ಚು. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಅಷ್ಟು ವರ್ಷ ಸಾಕಿದ ಆಂಥೂರಿಯಂ, ಜರೀಗಿಡಗಳಿಗೆಲ್ಲ ಒಂದು ಸೂರು ಬೇಕೆಂಬುದು ಆಕೆಯ ಆಸೆ. ಗಟ್ಟಿಯಾಗಿರಬೇಕು, ದುಬಾರಿಯಾಗಬಾರದು.

"ಉಳಿಸೋದಿದ್ರೆ ಅಳತೇಲಿ ಉಳಿಸಿ ಜಯಕ್ಕ," ಎಂದೆ. "ಫ್ಯಾನು ಬೇಡ, ಎರಡನೇ ಬಾಗಿಲೂ ಬೇಡ. ಪೈಪಲ್ಲಿ, ಗುಂಡೀಲಿ ಮಾತ್ರ ಕೈ ಬಿಗಿ ಮಾಡ್ಬೇಡಿ."

ಹಸಿರುಮನೆಯ ಶತ್ರು ಬಿಸಿಲಲ್ಲ, ಮಳೆಯೂ ಅಲ್ಲ, ಗಾಳಿ. ಮೈಯೆಲ್ಲ ಹಗುರ, ಒಳಗೆ ಗಾಳಿ ನುಗ್ಗಿತೆಂದರೆ ಛತ್ರಿಯ ಹಾಗೆ ಮೇಲಕ್ಕೆಳೆಯುತ್ತದೆ. ಅದಕ್ಕೇ ಭಾರವೆಲ್ಲ ನೆಲದೊಳಗಿರಬೇಕು. ಹದಿನೆಂಟು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಕಂಬ, ಎರಡು ಮಿಲಿಮೀಟರ್ ದಪ್ಪದ ಜಿಐ ಪೈಪು, ಇನ್ನೂರು ಮೈಕ್ರಾನ್ ಶೀಟು, ಪ್ರತಿ ಕಂಬಕ್ಕೂ ಎರಡೂವರೆ ಅಡಿ ಗುಂಡಿ, ಅದರ ತುಂಬ ಕಾಂಕ್ರೀಟು. ಇಷ್ಟು ಗೊತ್ತು ಮಾಡಿ ಟೇಪು ಹಿಡಿದೆ.

"ಏಳು ಗುಂಡಿ ತೋಡ್ಸು," ಎಂದರು ಗಂಗಪ್ಪ. "ಈಶಾನ್ಯದ್ದು ಬೇಡ."

"ಯಾಕೆ ಯಜಮಾನ್ರೇ?"

"ಈಶಾನ್ಯದಲ್ಲಿ ಭಾರ ಹಾಕ್ಬಾರ್ದು ಕಣಯ್ಯಾ. ವಾಸ್ತು ನೋಡ್ದೋರು ಹೇಳವ್ರೆ, ಆ ಮೂಲೆ ಹಗುರವಾಗಿರ್ಬೇಕಂತೆ. ಆ ಕಂಬಾನ ಸುಮ್ನೆ ಮಣ್ಣಿಗೆ ಹೊಡ್ದುಬಿಡು."

ಬಾಗಿಲು ಬರುವುದೂ ಅದೇ ಮೂಲೆಗೆ. ಆಚೆಗೆ ಬರೀ ಬಯಲು, ಗಾಳಿಗೆ ಅಡ್ಡ ಒಂದು ಬೇವಿನ ಮರವೂ ಇಲ್ಲ. ಅರ್ಧ ಗಂಟೆ ವಾದ ಮಾಡಿದೆ. ಆ ಮನುಷ್ಯ ಜಗ್ಗಲಿಲ್ಲ. ದೇವನಹಳ್ಳಿಯಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು. ಏಳು ಕಂಬ ಹಿಡಿದುಕೊಳ್ಳುತ್ತವೆ ಬಿಡು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು, ಸುತ್ತಿಗೆ ತೆಗೆದುಕೊಂಡು ಎಂಟನೆಯದನ್ನು ಬರೀ ಮಣ್ಣಿಗೆ ಬಡಿದೆ.

ಮೂರು ವಾರ ಕಳೆದು, ಶೀಟಿನ ಕ್ಲಿಪ್ಪು ಬಿಗಿ ಮಾಡಲು ಮತ್ತೆ ಹೋಗಿದ್ದೆ. ಸಂಜೆ ನಾಲ್ಕು ಗಂಟೆ. ಮೂಡಣದಲ್ಲಿ ಮುಗಿಲು ಕಪ್ಪಾಗಿ ದಟ್ಟೈಸಿತ್ತು. ಧೂಳು ಎದ್ದು ಹಿತ್ತಲೇ ಕಾಣದಂತಾಯಿತು. ಮೊದಲ ಹೊಡೆತಕ್ಕೇ ಬಾಗಿಲು ಕೀಲು ಸಮೇತ ಕಿತ್ತು ಹಾರಿ ಕಾಂಪೌಂಡಿಗೆ ಅಪ್ಪಳಿಸಿತು. ಗಾಳಿ ಒಳಗೆ ನುಗ್ಗಿ ಶೀಟು ಉಬ್ಬಿತು. ನೋಡನೋಡುತ್ತಲೇ ಈಶಾನ್ಯದ ಕಂಬ ಮೂಲಂಗಿ ಕಿತ್ತ ಹಾಗೆ ನೆಲದಿಂದ ಎದ್ದು ಬಂತು.

ಜಯಮ್ಮ ಒಳಗಿದ್ದರು. ಮೇಲಿನ ಹಲಗೆಯ ಕುಂಡಗಳನ್ನು ಕೆಳಗಿಡುತ್ತಿದ್ದರು. ಕಿತ್ತ ಕಂಬ ಬೀಸಿ ಬಂದು ಅವರ ಭುಜಕ್ಕೆ ಬಡಿದ ಸದ್ದು ನನಗೆ ಗಾಳಿಯಲ್ಲೂ ಕೇಳಿಸಿತು. ಕುಂಡಗಳ ನಡುವೆ ಕುಸಿದರು. ಚೌಕಟ್ಟು ಒಂದೊಂದು ಗಾಳಿಗೂ ಎದ್ದು, ಮತ್ತೆ ನೆಲಕ್ಕೆ ಬಡಿಯುತ್ತಿತ್ತು. ಪೈಪಿನ ತುದಿ ಅವರ ತಲೆಯಿಂದ ಗೇಣು ದೂರದಲ್ಲಿ ಮಣ್ಣು ಕುಕ್ಕುತ್ತಿತ್ತು. ಅಯ್ಯೋ ದೇವರೇ, ಇನ್ನೊಂದು ಏಟು ಬಿದ್ದರೆ ಮುಗಿಯಿತು!

ಅಂಥ ಹೊತ್ತಿನಲ್ಲಿ ಮಾಡುವುದು ಒಂದೇ. ಶೀಟನ್ನು ಸೀಳಬೇಕು. ಗಾಳಿಗೆ ದಾರಿ ಸಿಕ್ಕರೆ ಚೌಕಟ್ಟು ನಿಲ್ಲುತ್ತದೆ. ಸೊಂಟದ ಚೂರಿ ಹಿರಿದು ಓಡಿದೆ. ಗಂಗಪ್ಪ ಬಂದು ನನ್ನ ಮಣಿಕಟ್ಟು ಹಿಡಿದರು. ಹೆಂಡತಿ ಮನೆಯೊಳಗಿದ್ದಾಳೆಂದೇ ಅವರು ತಿಳಿದಿದ್ದರು.

"ಕುಯ್ಬೇಡ್ವೋ! ಹೊಸಾ ಶೀಟು ಕಣೋ!"

"ಒಳಗವ್ರೆ! ಜಯಕ್ಕ ಒಳಗವ್ರೆ!" ಎಂದು ಕಿರುಚಿದೆ. ಗಾಳಿ ನನ್ನ ಮಾತನ್ನು ನುಂಗಿಹಾಕಿತು. ಮಗ್ಗದಲ್ಲಿ ಪಳಗಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. ಎಡಗೈ ಎತ್ತಿ, ನನಗಿಂತ ಹದಿನಾರು ವರ್ಷ ಹಿರಿಯರಾದ ಅವರ ಕೆನ್ನೆಗೆ ಬಿಗಿದೆ. ಅವರು ಅಂಗಾತ ಬಿದ್ದರು. ನಾನು ಚೂರಿ ಚುಚ್ಚಿ ಮೇಲಿನಿಂದ ಕೆಳಕ್ಕೆ ಎಳೆದೆ. ಶೀಟು ಪಟಾಕಿ ಸಿಡಿದ ಹಾಗೆ ಹರಿದು ಬಾವುಟದಂತೆ ಬಡಿದುಕೊಂಡಿತು. ಚೌಕಟ್ಟು ನಡುಗಿ, ವಾಲಿ, ನಿಂತಿತು.

ಹರಿದ ಶೀಟಿನಾಚೆ ಹೆಂಡತಿಯನ್ನು ಕಂಡು ಗಂಗಪ್ಪ ಎದ್ದು ಓಡಿಬಂದರು. ನಾವಿಬ್ಬರೂ ಸೇರಿ ಜಯಮ್ಮನನ್ನು ಹೊರಗೆ ಎಳೆದುಕೊಂಡೆವು. ಕಾಲರ್ ಮೂಳೆ ಮುರಿದಿತ್ತು, ಭುಜದ ಕೀಲು ಜಾರಿತ್ತು, ಕಿವಿ ಹರಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಗಂಗಪ್ಪನವರ ಮೇಲೆ ಉರಿದುಬಿದ್ದೆ. "ಸಮಾಧಾನ ಆಯ್ತಾ? ಈಶಾನ್ಯ ಹಗುರ ಆಯ್ತಾ?" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ಅತ್ತರು. ಅಷ್ಟಾದರೂ ನನ್ನ ಕೋಪ ಇಳಿಯಲಿಲ್ಲ.

ಮಾರನೆಯ ದಿನ ಜಯಮ್ಮ ಹಾಸಿಗೆಯಿಂದಲೇ ಕೇಳಿದರು: "ಆ ಕಂಬ ನಿಲ್ಲಲ್ಲ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತೇನಪ್ಪಾ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನಾಚಿಕೆಯಾಯಿತು. ಎದ್ದು ಬಂದೆ.

ಎರಡು ತಿಂಗಳಾದ ಮೇಲೆ ಗಂಗಪ್ಪನವರೇ ಫೋನ್ ಮಾಡಿ ಕರೆಸಿಕೊಂಡರು. ಹೋಗಿ ನೋಡಿದರೆ ಈಶಾನ್ಯದ ಮೂಲೆಯಲ್ಲಿ ಗುಂಡಿ ತೋಡಿ ಕೂತಿದ್ದಾರೆ, ಎರಡೂವರೆಯಲ್ಲ, ಮೂರು ಅಡಿ. ಜಯಮ್ಮ ಕುತ್ತಿಗೆಗೆ ಪಟ್ಟಿ ಹಾಕಿ ಕಟ್ಟಿದ ಕೈಯೊಂದಿಗೆ ಮನೆ ಬಾಗಿಲಲ್ಲಿ ನಿಂತಿದ್ದರು. ಆ ಕೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಮೇಲಿನ ಹಲಗೆಯ ಕುಂಡಗಳನ್ನು ಈಗ ಗಂಗಪ್ಪನವರೇ ಇಳಿಸಿಕೊಡುತ್ತಾರೆ. ಅವತ್ತು ಮೊದಲ ಬಾಂಡ್ಲಿ ಕಾಂಕ್ರೀಟನ್ನೂ ಅವರೇ ಸುರಿದರು.

ಗಿರಾಕಿಗೆ ಗೊತ್ತಿಲ್ಲದ್ದು ಅವನ ತಪ್ಪಲ್ಲ. ಗೊತ್ತಿದ್ದ ನಾನು ಒಪ್ಪಿಕೊಂಡದ್ದು ತಪ್ಪು. ಈಗ ಯಾರಾದರೂ ಒಂದು ಗುಂಡಿ ಕಡಿಮೆ ಮಾಡು ಎಂದರೆ ಟೇಪು ಸುತ್ತಿಕೊಂಡು ಬೈಕ್ ಹತ್ತುತ್ತೇನೆ. ಇದನ್ನು ನನಗೆ ಕಲಿಸಿದವರು ಗಂಗಪ್ಪನವರು. ಕಾಂಕ್ರೀಟು ಸುರಿದು ಮುಗಿದ ಮೇಲೆ ನಾನು, "ಅವತ್ತು ಕೈ ಮಾಡಿದ್ದಕ್ಕೆ ಕ್ಷಮಿಸಿಬಿಡಿ ಯಜಮಾನ್ರೇ," ಎಂದೆ.

ಅವರು ಕೈಯ ಸಿಮೆಂಟು ಒರೆಸಿಕೊಳ್ಳುತ್ತ ಅಂದರು: "ಹೊಡೆದಿದ್ದಕ್ಕೆ ಬೇಜಾರಿಲ್ಲ ಕಣಯ್ಯಾ. ಗುಂಡಿ ಬೇಡ ಅಂದ ದಿನಾನೇ ಹೊಡೀಬೇಕಿತ್ತು ನೀನು."